ಎರಡರಿಂದ ನಾಲ್ಕರವರೆಗೆ

ಸತ್ಯಮಂಗಲ, ತುಮಕೂರು
27 ನವೆಂಬರ್ 2025, ಗುರುವಾರ

ಅಪ್ಪಾ,

ನೀವು ಕೇಳಿದ ಹಾಗೆ ಕೊನೆಯ ವಾರದ ಟೈಮ್‌ಟೇಬಲ್ ಇದರ ಜೊತೆ ಇಟ್ಟಿದ್ದೇನೆ. ಕೆಳಗೆ ಸಹಿಯನ್ನೂ ಹಾಕಿದ್ದೇನೆ. ಮಗಳು ಓದುವ ವೇಳಾಪಟ್ಟಿಗೆ ಸಹಿ ಹಾಕಿಸಿಕೊಳ್ಳುವ ಅಪ್ಪ ಇಡೀ ಜಿಲ್ಲೆಯಲ್ಲಿ ನೀವೊಬ್ಬರೇ ಇರಬೇಕು. ಅತ್ತೆಗೆ ತೋರಿಸಿದೆ. "ನಿಮ್ಮಪ್ಪ ಹುಟ್ದಾಗ್ಲೂ ಸೂಲಗಿತ್ತಿ ಹತ್ರ ರಸೀದಿ ಕೇಳಿದ್ದ ಕಣೇ" ಎಂದು ನಕ್ಕರು.

ಫೋನು ನಿಮ್ಮ ಹತ್ತಿರವೇ ಇರಲಿ. ಪರೀಕ್ಷೆ ಮುಗಿಯುವವರೆಗೆ ನಾನು ಅತ್ತರೂ ಕೊಡಬೇಡಿ. ಏನಾದರೂ ಇದ್ದರೆ ಹೀಗೆ ಕಾಗದ ಬರೆದು ಕುಣಿಗಲ್ ಬಸ್ಸಿನ ಕಂಡಕ್ಟರ್ ಹನುಮಂತರಾಜು ಅಣ್ಣನ ಕೈಗೆ ಕೊಡುತ್ತೇನೆ. ಬಸ್ ಸ್ಟಾಪು ಅತ್ತೆಯ ಮನೆ ಎದುರಿಗೇ ಇರುವುದರಿಂದ ನಿಮ್ಮ ರಿಜಿಸ್ಟರ್ಡ್ ಪೋಸ್ಟಿಗಿಂತ ಬೇಗ ತಲುಪುತ್ತದೆ.

ಪರೀಕ್ಷೆ ಏಳನೇ ತಾರೀಖು ಭಾನುವಾರ, ಬೆಂಗಳೂರಿನಲ್ಲಿ, ಮಧ್ಯಾಹ್ನ ಎರಡರಿಂದ ನಾಲ್ಕು. ನೂರಿಪ್ಪತ್ತು ಪ್ರಶ್ನೆ. ಹಿಂದಿನ ಮಾಕ್ ಟೆಸ್ಟಿನಲ್ಲಿ ಎಂಬತ್ಮೂರು ಬಂದಿದೆ. ಎಂಬತ್ತು ದಾಟಿದರೆ ಆಸೆ ಇಟ್ಟುಕೊಳ್ಳಬಹುದು ಎಂದು ಕೋಚಿಂಗ್ ಸರ್ ಹೇಳುತ್ತಾರೆ. ನಮ್ಮ ಒಪ್ಪಂದ ನನಗೆ ನೆನಪಿದೆ: ಪಿಯುಸಿ ಆದಮೇಲೆ ಒಂದು ವರ್ಷ, ಪರೀಕ್ಷೆ ಒಂದೇ ಸಲ. ಲಾ ಕಾಲೇಜು ಸಿಗದಿದ್ದರೆ ಜೂನಿನಿಂದ ಕುಣಿಗಲ್‌ನಲ್ಲೇ ಬಿ.ಕಾಂ. ಬಾಯಿ ಮುಚ್ಚಿಕೊಂಡು ಸೇರುತ್ತೇನೆ.

ನಿಮ್ಮ ಮಗಳು,
ತೇಜಸ್ವಿನಿ

*

ಕುಣಿಗಲ್
29 ನವೆಂಬರ್ 2025, ಶನಿವಾರ

ತೇಜೂ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬಹುದಿತ್ತು. ಆದರೆ ನಿಮ್ಮಮ್ಮನಿಗೆ ನೆಗಡಿ. ಕಾಗದದಲ್ಲಿ ಸುಳ್ಳು ಬರೆಯುವುದು ನನಗೆ ಆಗದ ಕೆಲಸ.

ಟೈಮ್‌ಟೇಬಲನ್ನು ಮೂರು ಸಲ ಓದಿದೆ. ಬುಧವಾರದ ಸಾಲಿನಲ್ಲಿ "4.30" ಎಂದಿದ್ದುದನ್ನು ಉಜ್ಜಿ "5" ಮಾಡಿದ್ದೀಯ. ಯಾರು ತಿದ್ದಿದ್ದು? ಯಾವಾಗ? ಪಕ್ಕದಲ್ಲಿ ಚಿಕ್ಕ ರುಜು ಯಾಕಿಲ್ಲ? ಮೂವತ್ತು ವರ್ಷದಿಂದ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಮೇಜು ಹಾಕಿಕೊಂಡು ಜನರ ಕ್ರಯಪತ್ರ, ವಿಭಾಗಪತ್ರ ಬರೆದವನು ನಾನು. ತಿದ್ದಿದ ಕಡೆ ರುಜು ಇಲ್ಲದ ಕಾಗದವನ್ನು ನಾನು ಕೈಯಲ್ಲೂ ಮುಟ್ಟುವುದಿಲ್ಲ. ನಿನಗೆ ತಮಾಷೆ. ನಾಳೆ ಲಾಯರ್ ಆದಮೇಲೆ ಗೊತ್ತಾಗುತ್ತದೆ.

ಇನ್ನೊಂದು. ದಿನಾ ಸಂಜೆ "ಅತ್ತೆ ಜೊತೆ, ಅರ್ಧ ಗಂಟೆ" ಎಂದಿದೆ. ಅದು ಯಾವ ಸಬ್ಜೆಕ್ಟು? ಪಿಜಿಗಿಂತ ಅಕ್ಕನ ಮನೆ ವಾಸಿ ಎಂದು ನಿಮ್ಮಮ್ಮ ಹಟ ಹಿಡಿದಳೆಂದು ನಿನ್ನನ್ನು ಅಲ್ಲಿ ಬಿಟ್ಟೆ. ಅಕ್ಕನ ಜೊತೆ ಊಟ ತಿಂಡಿ ಮಾತು ಸಾಕು. ಊರಿನ ವಿಷಯ, ಕಡಬದ ತೋಟ, ನಿಮ್ಮ ತಾತನ ಕಾಲದ ಕಥೆ ಇವೆಲ್ಲ ಎತ್ತಿಕೊಂಡು ಕೂರಬೇಡ. ಸಮಯ ಹಾಳು, ಅಷ್ಟೇ. ಬೇರೆ ಏನೂ ಇಲ್ಲ.

ಈ ಸಾಲನ್ನು ಅವಳಿಗೆ ತೋರಿಸುವ ಅಗತ್ಯವಿಲ್ಲ.

ನಿಮ್ಮಪ್ಪ,
ಗಂಗಾಧರ್

*

ಸತ್ಯಮಂಗಲ
1 ಡಿಸೆಂಬರ್ 2025, ಸೋಮವಾರ

ಅಪ್ಪಾ,

ಟೈಮ್‌ಟೇಬಲ್ ಬದಲಾಗಿದೆ. ಹೊಸದನ್ನು ಇಟ್ಟಿದ್ದೇನೆ. ತಿದ್ದಿದ ಐದು ಕಡೆಯೂ ರುಜು ಇದೆ, ಸಮಾಧಾನ ಮಾಡಿಕೊಳ್ಳಿ.

ಯಾಕೆಂದು ಹೇಳುತ್ತೇನೆ. ಇಷ್ಟು ದಿನ ಮಾಕ್ ಟೆಸ್ಟನ್ನು ಬೆಳಿಗ್ಗೆ ಒಂಬತ್ತಕ್ಕೆ ಬರೆಯುತ್ತಿದ್ದೆ. ನಿನ್ನೆ ಭಾನುವಾರ, ಪರೀಕ್ಷೆಯ ಸಮಯಕ್ಕೇ ಬರೆದು ನೋಡೋಣ ಎಂದು ಎರಡು ಗಂಟೆಗೆ ಕೂತೆ. ಅತ್ತೆಯ ಕೈಯ ಮುದ್ದೆ, ಅವರೆಕಾಳು ಸಾರು ಹೊಡೆದು ಕೂತವಳು ಎರಡೂಮುಕ್ಕಾಲಿಗೆ ಪ್ರಶ್ನೆಪತ್ರಿಕೆಯ ಮೇಲೇ ಕೆನ್ನೆ ಇಟ್ಟು ಮಲಗಿದ್ದೆ. ಅರವತ್ತೊಂಬತ್ತು ಬಂತು. ಹಾಗಾಗಿ ಈ ವಾರ ಪೂರ್ತಿ ಎರಡರಿಂದ ನಾಲ್ಕರವರೆಗೆ ಎಚ್ಚರವಾಗಿರುವುದನ್ನೇ ಅಭ್ಯಾಸ ಮಾಡುತ್ತೇನೆ. ಊಟ ಹನ್ನೆರಡಕ್ಕೆ, ಮುದ್ದೆ ರಾತ್ರಿಗೆ. ಹೊಸ ಪಾಠ ಒಂದೂ ಇಲ್ಲ. ಮಾಕ್ ಮಂಗಳವಾರ ಮತ್ತು ಗುರುವಾರ ಮಾತ್ರ. ಲೆಕ್ಕಕ್ಕೆ ಕೊಟ್ಟ ಸಮಯದಲ್ಲಿ ಅರ್ಧ ತೆಗೆದು ಕಾನೂನಿನ ಪ್ಯಾಸೇಜುಗಳಿಗೆ ಕೊಟ್ಟಿದ್ದೇನೆ, ಅಲ್ಲೇ ನನ್ನ ಅಂಕ ಹೋಗುತ್ತಿರುವುದು.

ಅತ್ತೆ ಈ ವಾರ ಪ್ಯಾಕಿಂಗ್ ಯೂನಿಟ್ಟಿಗೆ ಮಧ್ಯಾಹ್ನದ ಮೇಲೆ ರಜೆ ಹಾಕಿದ್ದಾರೆ. ಗಡಿಯಾರ ಹಿಡಿದು ಎದುರಿಗೆ ಕೂರುತ್ತಾರೆ. ನನ್ನ ಕಣ್ಣು ಎಳೆದರೆ ಲೋಟದಿಂದ ನೀರು ಚಿಮುಕಿಸುತ್ತಾರೆ. ಇನ್ನೊಂದು ಉಪಾಯವನ್ನೂ ಕಂಡುಕೊಂಡಿದ್ದೇವೆ. ಪ್ಯಾಸೇಜು ಇಂಗ್ಲಿಷಿನಲ್ಲಿರುತ್ತದಲ್ಲ, ಓದಿ ಮುಗಿಸಿದ ಮೇಲೆ ಅದನ್ನು ಕನ್ನಡದಲ್ಲಿ ಅತ್ತೆಗೆ ಬಿಡಿಸಿ ಹೇಳುತ್ತೇನೆ. ಅವರಿಗೆ ತಿಳಿದರೆ ನನಗೂ ತಿಳಿದಿದೆ ಎಂದು ಅರ್ಥ. ನೀವು ಕೇಳಿದ "ಅತ್ತೆ ಜೊತೆ" ಎಂಬ ಸಬ್ಜೆಕ್ಟು ಇದೇ.

ಇವತ್ತು ಬಂದಿದ್ದು ಒಬ್ಬ ಅಜ್ಜಿಯ ಕೇಸು. ಬ್ಯಾಂಕಿನ ಕಾಗದ ಎಂದು ನಂಬಿಸಿ ಮನೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಾರೆ. ಅದು ಒಪ್ಪಿಗೆ ಆಗುತ್ತದೋ ಇಲ್ಲವೋ ಎಂಬುದು ಪ್ರಶ್ನೆ. ಅತ್ತೆ ಪೂರ್ತಿ ಕೇಳಿ, "ಬರ್ಸ್ಕೊಂಡೋನು ಅವ್ಳಿಗೆ ಏನಾಗ್ಬೇಕು?" ಎಂದರು. ಪ್ಯಾಸೇಜಿನಲ್ಲಿ ಅದು ಇಲ್ಲ ಅತ್ತೆ ಎಂದೆ. "ಅದೇ ಅಲ್ವೇ ಮುಖ್ಯ" ಎಂದು ಎದ್ದು ಹೋಗಿ ಕಾಫಿಗೆ ಇಟ್ಟರು.

ತೇಜಸ್ವಿನಿ

*

ಕುಣಿಗಲ್
2 ಡಿಸೆಂಬರ್ 2025, ಮಂಗಳವಾರ

ತೇಜಸ್ವಿನಿ,

ನಿನ್ನ ಹೊಸ ಟೈಮ್‌ಟೇಬಲ್ ನನಗೆ ಒಪ್ಪಿಗೆಯಿಲ್ಲ. ಕೆಲವು ಪ್ರಶ್ನೆ ಕೇಳುತ್ತೇನೆ, ಒಂದೊಂದಕ್ಕೂ ಉತ್ತರ ಬೇಕು.

ಕಾನೂನಿನ ಪ್ಯಾಸೇಜು ಜಾಸ್ತಿ ಮಾಡು ಎಂದು ಹೇಳಿದ್ದು ಯಾರು? ಆ ಅಜ್ಜಿಯ ಕೇಸು ಪುಸ್ತಕದಲ್ಲೇ ಇತ್ತೋ, ಯಾರಾದರೂ ತಂದುಕೊಟ್ಟ ಹಾಳೆಯೋ? ಇಪ್ಪತ್ತು ವರ್ಷದಲ್ಲಿ ತನ್ನ ಕಾಯಿಲೆಗೂ ರಜೆ ಹಾಕದವಳು ಅಕ್ಕ. ಈಗ ನಿನ್ನೆದುರು ಕೂರಲು ಒಂದು ವಾರ ರಜೆ ಹಾಕಿದ್ದಾಳೆಂದರೆ ಅದು ಬರೀ ಗಡಿಯಾರ ನೋಡುವುದಕ್ಕಾ? ಮುಖ್ಯವಾಗಿ, ಶನಿವಾರ ಹನ್ನೊಂದು ಗಂಟೆಗೆ ಬಿಳಿ ಶರ್ಟಿನ ಒಬ್ಬರು ಫೈಲ್ ಹಿಡಿದು ಅವಳ ಬಾಗಿಲಲ್ಲಿ ನಿಂತಿದ್ದರು ಎಂದು ಹನುಮಂತರಾಜು ಹೇಳಿದ. ಯಾರವರು? ಗುಬ್ಬಿ ಕಡೆಯ ವಕೀಲರಾ? ಕಡಬದ ಹೆಸರು ಎತ್ತಿದರಾ?

ಅಕ್ಕನ ಫೋನಿಗೆ ಮಾಡೋಣವೆಂದರೆ ಅವಳೇ ಎತ್ತುತ್ತಾಳೆ.

ನೀನು ಚಿಕ್ಕವಳು. ದೊಡ್ಡವರು ಕಾನೂನು ಓದುವ ಮಕ್ಕಳ ಬಾಯಲ್ಲಿ ತಮಗೆ ಬೇಕಾದ ಪ್ರಶ್ನೆ ಕೇಳಿಸುತ್ತಾರೆ. ನಿನಗೆ ಗೊತ್ತೇ ಆಗುವುದಿಲ್ಲ. ಗುರುವಾರ ಹತ್ತರ ಬಸ್ಸಿಗೆ ನಾನೇ ಬರುತ್ತೇನೆ. ಪುಸ್ತಕ ಕಟ್ಟಿಟ್ಟುಕೊಂಡು ಸಿದ್ಧವಾಗಿರು. ಉಳಿದ ಮೂರು ದಿನ ಇಲ್ಲೇ ಓದು, ಇಲ್ಲಿಂದಲೇ ಬೆಂಗಳೂರಿಗೆ ಹೋಗೋಣ.

ಗಂಗಾಧರ್

*

ಸತ್ಯಮಂಗಲ
3 ಡಿಸೆಂಬರ್ 2025, ಬುಧವಾರ

ಅಪ್ಪಾ,

ಕೇಳಿದ ಅನುಕ್ರಮದಲ್ಲೇ ಉತ್ತರ. ಹೇಳಿದ್ದು ನನ್ನ ಅಂಕಪಟ್ಟಿ. ಕೇಸು ಪುಸ್ತಕದ್ದು, ಇನ್ನೂರ ಹದಿನಾಲ್ಕನೇ ಪುಟ. ರಜೆ ನನ್ನ ಮೇಲಿನ ಪ್ರೀತಿಗೆ. ಬಿಳಿ ಶರ್ಟಿನವರು ಮದುವೆ ದಲ್ಲಾಳಿ. ಪಕ್ಕದ ಮನೆಗೆ ಹೋಗಬೇಕಾದವರು ಬಾಗಿಲು ತಪ್ಪಿ ಬಂದರು. ಫೈಲಿನಲ್ಲಿ ಇದ್ದಿದ್ದು ಜಾತಕ.

ಕಡಬದ ಹೆಸರನ್ನು ಈ ಮನೆಯಲ್ಲಿ ಇವತ್ತಿನವರೆಗೆ ಯಾರೂ ಎತ್ತಿರಲಿಲ್ಲ. ಎರಡು ಕಾಗದದಲ್ಲಿ ಎರಡು ಸಲ ಎತ್ತಿದವರು ನೀವು. ಅದಕ್ಕೇ ಬೆಳಿಗ್ಗೆ ನಾನು ಕೇಳಿದೆ. ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ತಾತನ ತೋಟ ಯಾರ ಹೆಸರಲ್ಲಿದೆ ಅತ್ತೆ ಎಂದೆ.

"ನಿಮ್ಮಪ್ಪನ್ ಹೆಸ್ರಲ್ಲಿ. ನಾನು ಸೈನ್ ಹಾಕ್ಕೊಟ್ಟಿದೀನಲ್ಲ."

"ಏನಂತ ಸೈನ್ ಹಾಕಿದ್ರಿ?"

"ಕಾಗ್ದ ಕಣವ್ವ. ಈಗ ಅದೆಲ್ಲ ಯಾಕೆ ಬುಡು, ಓದ್ಕೋ ಹೋಗು."

ಕಾಯಿ ಅರ್ಧ ಸುಲಿದಿತ್ತು. ಹಾಗೇ ಬಿಟ್ಟು ಹಿತ್ತಲಿಗೆ ಹೋದರು. ಬಟ್ಟೆ ಒಗೆಯುವುದೇನೂ ಇರಲಿಲ್ಲ, ಒಣಗಿದ್ದನ್ನೇ ಮತ್ತೆ ಜಾಲಿಸಿ ಹಾಕಿದರು.

ಅಪ್ಪಾ, ಚಿಕ್ಕಂದಿನಲ್ಲಿ ನಾನು ನಿಮ್ಮ ಮೇಜಿನ ಕೆಳಗೆ ಕೂತು ಆಡುತ್ತಿದ್ದೆ. ಸಹಿಗೆ ಮುಂಚೆ ನೀವು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಿದ್ದಿರಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ದಾರಿ ಎಂದು ಚಕ್ಕುಬಂದಿ ಓದುವಾಗ ಟೀ ಅಂಗಡಿಯವರೂ ಸುಮ್ಮನಾಗುತ್ತಿದ್ದರು. ಎಲ್ಲ ಪತ್ರದ ಕೊನೆಗೂ ಒಂದೇ ಸಾಲು: "ಓದಿಸಿ ಕೇಳಿ, ತಿಳಿದು ಒಪ್ಪಿ, ಸಹಿ ಮಾಡಿರುತ್ತೇನೆ." ನನಗೆ ಅದು ಬಾಯಿಪಾಠ.

ನನ್ನದು ಒಂದೇ ಪ್ರಶ್ನೆ. ಅತ್ತೆಗೆ ಓದಿ ಹೇಳಿದಿರಾ? ಹೌದು ಅಥವಾ ಇಲ್ಲ.

ನಾಳೆ ಬರಬೇಡಿ. ಬಂದರೂ ನಾನು ಬರುವುದಿಲ್ಲ.

ತೇಜಸ್ವಿನಿ

*

ಸತ್ಯಮಂಗಲ
5 ಡಿಸೆಂಬರ್ 2025, ಶುಕ್ರವಾರ, ಬೆಳಿಗ್ಗೆ

ಅಪ್ಪಾ,

ನಿನ್ನೆ ನೀವು ಬರಲಿಲ್ಲ. ಕಾಗದವೂ ಬರಲಿಲ್ಲ. ಹತ್ತರ ಬಸ್ಸು, ಎರಡರ ಬಸ್ಸು, ಐದೂವರೆ ಬಸ್ಸು ಮೂರಕ್ಕೂ ಹೋಗಿ ನಿಂತೆ. "ನಿಮ್ಮಪ್ಪ ಇವತ್ತು ಮೇಜೇ ಹಾಕಿಲ್ಲ ಕಣಮ್ಮ" ಎಂದರು ಹನುಮಂತರಾಜು ಅಣ್ಣ.

ನಿನ್ನೆಯ ಮಾಕ್‌ನಲ್ಲಿ ಐವತ್ತೆಂಟು. ನಿದ್ದೆ ಬರಲಿಲ್ಲ, ಪೂರ್ತಿ ಎಚ್ಚರವಾಗಿದ್ದೆ. ಪ್ರತಿ ಪ್ಯಾಸೇಜಿನಲ್ಲೂ ನೀವೇ ಕಾಣುತ್ತೀರಿ. ಯಾರು ಯಾರಿಗೆ ಮೋಸ ಮಾಡಿದರೂ ಅದು ನೀವೇ ಅನ್ನಿಸುತ್ತದೆ. ಆಮೇಲೆ ನನ್ನ ಅಪ್ಪನನ್ನೇ ಹೀಗೆ ಅನುಮಾನ ಪಡುತ್ತೇನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂದು, ಮುಂದಿನ ನಾಲ್ಕು ಪ್ರಶ್ನೆ ಹೋಗುತ್ತದೆ. ಹೀಗೇ ಒಳಗೆ ಹೋದರೆ ಭಾನುವಾರ ಎರಡು ಗಂಟೆಗೆ ಕೂತು ನಾಲ್ಕಕ್ಕೆ ಖಾಲಿ ಕೈಯಲ್ಲಿ ಎದ್ದು ಬರುತ್ತೇನೆ. ಆಮೇಲೆ ಬಿ.ಕಾಂ.

ಇಲ್ಲ ಎಂದಾದರೂ ಬರೆಯಿರಿ. ಗೊತ್ತಾದರೆ ಅದನ್ನು ಒಂದು ಕಡೆ ಎತ್ತಿಟ್ಟು ಓದಬಲ್ಲೆ. ಗೊತ್ತಿಲ್ಲದಿದ್ದರೆ ಆಗುವುದಿಲ್ಲ.

ತೇಜು

*

ಕುಣಿಗಲ್
5 ಡಿಸೆಂಬರ್ 2025, ಶುಕ್ರವಾರ, ಸಂಜೆ

ತೇಜೂ,

ಇಲ್ಲ.

ಇಷ್ಟೇ ಬರೆದು ಕೊಡಲು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ನಾಚಿಕೆಯಾಗಿ ವಾಪಸ್ ಬಂದು ಉಳಿದದ್ದನ್ನೂ ಬರೆಯುತ್ತಿದ್ದೇನೆ.

2012ನೇ ಇಸವಿ. ನಿನಗೆ ಐದು ವರ್ಷ. ನಿಮ್ಮ ತಾತ ತೀರಿಕೊಂಡು ಆರು ತಿಂಗಳಾಗಿತ್ತು. ಕಡಬ ಕೆರೆಯ ಹಿಂದಿನ ಒಂದೂವರೆ ಎಕರೆ ತೆಂಗಿನ ತೋಟದಲ್ಲಿ ಅಕ್ಕನಿಗೂ ನನಗೂ ಸಮಪಾಲು. ಅದನ್ನು ನನ್ನೊಬ್ಬನ ಹೆಸರಿಗೆ ಮಾಡಿಕೊಳ್ಳಬೇಕೆಂದು ನನಗೆ ಆಸೆಯಾಯಿತು. ಕೇಳಿದ್ದರೆ ಅಕ್ಕ ಕೊಡುತ್ತಿದ್ದಳೋ ಏನೋ. ಕೇಳಿ, ಅವಳು ಇಲ್ಲ ಅಂದುಬಿಟ್ಟರೆ ಎಂಬ ಅನುಮಾನ. ನನ್ನನ್ನು ಸೊಂಟದ ಮೇಲೆ ಎತ್ತಿ ಆಡಿಸಿದವಳನ್ನು ಒಂದು ಮಾತು ಕೇಳಿ ನೋಡುವಷ್ಟೂ ನಂಬಲಿಲ್ಲ. ಅವಳು ತನ್ನ ಪಾಲು ಬಿಟ್ಟುಕೊಟ್ಟಂತೆ ಹಕ್ಕು ಬಿಡುಗಡೆ ಪತ್ರ ಬರೆದೆ.

ಕಡಬ ಗುಬ್ಬಿ ತಾಲೂಕಿಗೆ ಸೇರಿದ್ದರಿಂದ ಗುಬ್ಬಿಯ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು, ಪರಿಚಯದವರ ಮೇಜಿನಲ್ಲಿ ಕೂತಿದ್ದೆ. ಕೆಲಸದಿಂದ ಅರ್ಧ ದಿನ ಬಿಡುವು ಮಾಡಿಕೊಂಡು ಅದೇ ಸೀರೆಯಲ್ಲಿ ಬಂದಳು. "ಏನೋ ಬರ್ದಿದ್ಯಾ ಗಂಗಾ?" ಎಂದಳು. "ಖಾತೆ ಕಾಗ್ದ ಅಕ್ಕ, ಅಪ್ಪನ್ ಹೆಸ್ರಿಂದ ನಮ್ ಹೆಸ್ರಿಗೆ" ಎಂದೆ. ಕಾಫಿ ತರಿಸಿ ಕೊಟ್ಟೆ. ಸಹಿ ಹಾಕಿದಳು. ಹೆಬ್ಬೆಟ್ಟೂ ಒತ್ತಿದಳು. ಒಳಗೆ ಅಧಿಕಾರಿಗಳು ಒಪ್ಪಿಗೆ ಇದೆಯಾ ಎಂದು ಕೇಳಿದಾಗ ನನ್ನ ಮುಖ ನೋಡಿ ತಲೆ ಆಡಿಸಿದಳು. ನೀನು ಬಾಯಿಪಾಠ ಮಾಡಿದ ಸಾಲು ಆ ಪತ್ರದಲ್ಲೂ ಇದೆ. ನನ್ನ ಕೈಯಲ್ಲೇ ಬರೆದದ್ದು.

ಅವಳಿಗೆ ಓದಲು ಬರುವುದು ಅಷ್ಟಕ್ಕಷ್ಟೇ ಎಂದು ನಂಬಿಕೊಂಡು ಹದಿಮೂರು ವರ್ಷ ಕಳೆದೆ. ಅವಳು ಹಬ್ಬಕ್ಕೆ ಕರೆದರೆ ಏನೋ ಪತ್ತೆ ಹಚ್ಚಲು ಕರೆದಳೆಂದುಕೊಂಡೆ. ನಿನ್ನನ್ನು ಪ್ರೀತಿ ಮಾಡಿದರೆ ನಿನ್ನ ಮೂಲಕ ಕೇಳಿಸಲು ಎಂದುಕೊಂಡೆ. ಅವಳು ಏನೂ ಕೇಳಲಿಲ್ಲ. ನಾನೇ ನಿನ್ನ ಕೈಗೆ ಪ್ರಶ್ನೆ ಕೊಟ್ಟೆ.

ಈಗ ಗೊತ್ತಾಯಿತಲ್ಲ. ನನ್ನನ್ನು ಏನು ಬೇಕಾದರೂ ಅನ್ನು, ಆದರೆ ಭಾನುವಾರ ನಾಲ್ಕು ಗಂಟೆಯ ಮೇಲೆ ಅನ್ನು. ಈ ಕಾಗದವನ್ನು ಅತ್ತೆಗೆ ಓದಿ ಹೇಳಬೇಕೆನ್ನಿಸಿದರೆ ಹೇಳು. ನನಗೆ ಧೈರ್ಯವಿಲ್ಲ.

ಗಂಗಾಧರ್

*

ಸತ್ಯಮಂಗಲ
6 ಡಿಸೆಂಬರ್ 2025, ಶನಿವಾರ

ಅಪ್ಪಾ,

ಬೆಳಿಗ್ಗೆ ಮೊದಲ ಬಸ್ಸಿಗೇ ಬಂತು. ಬಸ್ ಸ್ಟಾಪಿನಲ್ಲೇ ನಿಂತು ಓದಿದೆ. ಅಳು ಬಂತು. ಒಳಗೆ ಹೋಗಿ ಮುಖ ತೊಳೆದುಕೊಂಡೆ. ಅತ್ತೆ ಏನಾಯ್ತೇ ಎಂದರು. ಪರೀಕ್ಷೆ ಭಯ ಎಂದೆ. ನನಗೂ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ಅತ್ತೆಗೆ ನಾನು ಓದಿ ಹೇಳುವುದಿಲ್ಲ. ಬರೆದವರು ಓದಬೇಕು.

ಟೈಮ್‌ಟೇಬಲನ್ನು ಕೊನೆಯ ಸಲ ಬದಲಾಯಿಸಿದ್ದೇನೆ. ಶನಿವಾರಕ್ಕೆ ಇಟ್ಟಿದ್ದ ಕರೆಂಟ್ ಅಫೇರ್ಸ್ ತೆಗೆದಿದ್ದೇನೆ. ಇವತ್ತು ಸಂಜೆ ಹಳೇ ತಪ್ಪುಗಳ ನೋಟ್ ಬುಕ್ಕು ಒಂದು ಗಂಟೆ, ಆಮೇಲೆ ಏನೂ ಇಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಐದು ಪ್ಯಾಸೇಜು ಮಾಡಿದೆ, ಒಂದೇ ತಪ್ಪು.

ಭಾನುವಾರದ ಸಾಲು ಹೀಗಿದೆ:

ಬೆಳಿಗ್ಗೆ 7: ಅತ್ತೆ ಮತ್ತು ನಾನು ತುಮಕೂರಿನಿಂದ ಬೆಂಗಳೂರಿಗೆ. ನೀವು ಕುಣಿಗಲ್‌ನಿಂದ.
1: ನಾನು ಒಳಗೆ ಹೋಗುತ್ತೇನೆ. ಅದಕ್ಕೆ ಮುಂಚೆ ಯಾರೂ ನನ್ನ ಹತ್ತಿರ ಏನೂ ಮಾತಾಡುವುದಿಲ್ಲ.
2 ರಿಂದ 4: ಒಳಗೆ, ತೇಜಸ್ವಿನಿ. ಗೇಟಿನ ಹೊರಗೆ, ಗಂಗಾಧರ್.

ಆ ಪತ್ರದ ನಕಲು ನಿಮ್ಮ ಬೀರುವಿನಲ್ಲಿ ಇದ್ದೇ ಇರುತ್ತದೆ. ತನ್ನಿ. ನೀವು ಓದುತ್ತಿದ್ದೀರಿ ಎಂದು ಗೊತ್ತಿದ್ದರೆ ನಾನೂ ಓದಬಲ್ಲೆ.

ತೇಜು

*

ಕುಣಿಗಲ್
9 ಡಿಸೆಂಬರ್ 2025, ಮಂಗಳವಾರ

ತೇಜೂ,

ಫೋನು ನಿನ್ನ ಕೈಗೆ ವಾಪಸ್ ಬಂದಿದೆ, ಆದರೂ ಇದನ್ನು ಕಾಗದದಲ್ಲೇ ಬರೆಯುತ್ತೇನೆ. ಭಾನುವಾರ ನಾಲ್ಕಕ್ಕೆ ನೀನು ನಗುತ್ತಾ ಹೊರಗೆ ಬಂದು "ಎಂಬತ್ತು ದಾಟತ್ತೆ" ಎಂದೆ. ನಾವಿಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದುದನ್ನು ಕಂಡೂ ಏನೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಉತ್ತರ ಇದು.

ಗೇಟಿನೆದುರು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಅಕ್ಕ ಕೂತಿದ್ದಳು. ಸುತ್ತ ನಿನ್ನಂಥ ಮಕ್ಕಳ ಅಪ್ಪ ಅಮ್ಮಂದಿರು. ಎರಡರ ಗಂಟೆ ಹೊಡೆಯಿತು. ನಾನು ನಿಂತುಕೊಂಡು ಪತ್ರ ತೆಗೆದೆ. ಅಕ್ಕ ಏನೋ ಅದು ಎನ್ನಲಿಲ್ಲ. ಮೊದಲ ಸಾಲಿನಿಂದ ಓದಿದೆ, ಧ್ವನಿ ಏಳಲೇ ಇಲ್ಲ. ಪಕ್ಕದಲ್ಲಿದ್ದ ಒಬ್ಬರು ಮಾದರಿ ಪ್ರಶ್ನೆ ಎಂದುಕೊಂಡು ಹತ್ತಿರ ಬಂದು ಕೇಳಿಸಿಕೊಂಡರು, ಚಕ್ಕುಬಂದಿ ಬಂದಮೇಲೆ ಹೊರಟುಹೋದರು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅಕ್ಕ ಕೈ ಎತ್ತಿದಳು.

"ಸಾಕು ಬುಡು. ಅದನ್ನ ಅವತ್ತೇ ಓದ್ದೆ."

"ಯಾವಾಗ?"

"ನೀನು ಕಾಫಿ ಹೇಳೋಕೆ ಹೋದಾಗ. ನಾಕ್ನೇ ಕ್ಲಾಸು ಪಾಸಾಗಿದೀನಿ ಕಣೋ. ನಿಧಾನ ಅಷ್ಟೆ, ಆದ್ರೆ ಓದ್ತೀನಿ."

ನಾನು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ. ಗೊತ್ತಿದ್ದೂ ಯಾಕೆ ಸಹಿ ಹಾಕಿದೆ ಎಂದು ಕೇಳಿದೆ.

"ನೀನು ತಡೀತೀಯೇನೋ ಅಂತ. ಅದಕ್ಕೇ ಒಂದೊಂದೇ ಅಕ್ಷರ ಬರ್ದೆ. ಚಿಕ್ಕಗಂಗಮ್ಮ. ಐದಕ್ಷರ. ಒಂದೊಂದು ಮುಗಿಸ್ದಾಗ್ಲೂ ನಿನ್ ಕಡೆ ನೋಡ್ದೆ. ನೀನು ಹೆಬ್ಬೆಟ್ಟಿಗೆ ಇಂಕಿನ ಡಬ್ಬಿ ಮುಚ್ಚಳ ತೆಗೀತಾ ಇದ್ದೆ."

ಮೂರೂವರೆಯ ಹೊತ್ತಿಗೆ ನಾನು ಪತ್ರ ಮಡಚಿ ಚೀಲಕ್ಕೆ ಹಾಕಿದೆ. ಅವಳ ಅರ್ಧ ಅವಳಿಗೆ ವಾಪಸ್ ಮಾಡುತ್ತೇನೆ, ನಾಳೆಯೇ ದಾನಪತ್ರ ಬರೆಯುತ್ತೇನೆ ಎಂದೆ. "ನಂದನ್ನ ನಂಗೇ ದಾನ ಮಾಡ್ತೀಯಾ?" ಎಂದಳು. ಕಾಗದಕ್ಕೆ ಬೇರೆ ಹೆಸರಿಲ್ಲ ಅಕ್ಕ ಎಂದೆ. "ಹೆಸ್ರು ಏನಾದ್ರೂ ಇರ್ಲಿ. ನೀನು ಬರೀಬೇಡ" ಎಂದಳು. ಆಮೇಲೆ ಗೇಟಿನ ಕಡೆ ತಿರುಗಿ ಕೂತಳು. ಅಷ್ಟರಲ್ಲಿ ನೀನು ಬಂದೆ.

ಇವತ್ತು ಗುಬ್ಬಿಗೆ ಹೋಗಿದ್ದೆವು. ಅಲ್ಲಿ ಭಾನುಪ್ರಕಾಶ್ ಎಂಬ ಹೊಸ ಪತ್ರ ಬರಹಗಾರನಿದ್ದಾನೆ, ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವನು. ಜೀವನದಲ್ಲಿ ಮೊದಲ ಸಲ ಮೇಜಿನ ಈಚೆ ಬದಿಯ ಬೆಂಚಿನಲ್ಲಿ ಕೂತೆ. ಅವನು ನನ್ನ ಹೆಸರು, ಕಸುಬು ಬರೆದುಕೊಂಡು ತಲೆ ಎತ್ತಿದ.

"ಸಾರ್, ನೀವೇ ಪತ್ರ ಬರೆಯೋರು. ನನ್ ಹತ್ರ ಯಾಕೆ ಬಂದ್ರಿ?"

"ನಾನು ಬರೆದ್ರೆ ನಮ್ಮಕ್ಕ ನಂಬಲ್ಲಪ್ಪ" ಎಂದೆ.

ಹೇಳಿ ಅಕ್ಕನ ಮುಖ ನೋಡಿದೆ. ಹಾಗೇನಿಲ್ಲ ಎನ್ನುತ್ತಾಳೇನೋ ಎಂದು ಕಾದೆ. ಅವಳು ಪಕ್ಕದಲ್ಲೇ ಕೂತು, ಅವನು ಬರೆಯುತ್ತಿದ್ದ ಹಾಳೆಯನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಿದ್ದಳು.

ಅಪ್ಪ